ಎಕ್ಸೆಲ್, ವರ್ಡ್ ಫಾರ್ಮ್ಯಾಟಿಂಗ್: ನೆನಪಿಡಬೇಕಾದ ಅಂಶಗಳು

1. ಫಾರ್ಮ್ಯಾಟ್ ಸೆಲ್ಸ್ ತೆರೆಯಲು: ಕಂಟ್ರೋಲ್ + 1.

2. ಗೊಂದಲದ ಅಂಶ: ಫಾರ್ಮ್ಯಾಟ್ ಬದಲಿಸಿದರೆ ಕಾಣುವ ರೂಪ ಮಾತ್ರ ಬದಲಾಗುತ್ತದೆ, ಮೌಲ್ಯವಲ್ಲ. 2.456 ಅನ್ನು ಎರಡು ದಶಮಾಂಶಕ್ಕೆ ಇಳಿಸಿದರೆ 2.46 ಕಾಣುತ್ತದೆ, ಲೆಕ್ಕಕ್ಕೆ ಸಿಗುವುದು 2.456. ಮೌಲ್ಯವನ್ನೇ ದುಂಡಾಗಿಸಿ ಕೊಡುವುದು ರೌಂಡ್ ಫಂಕ್ಷನ್. ಇಲ್ಲಿ ಎಡವಬೇಡಿ.

3. ಬೆಂಗಳೂರಿನ ಎಸ್‌ಟಿಡಿ ಕೋಡ್ 080 ಟೈಪ್ ಮಾಡಿದರೆ 80 ಉಳಿಯುತ್ತದೆ. ಮೊದಲೇ ಟೆಕ್ಸ್ಟ್ ಫಾರ್ಮ್ಯಾಟ್ ಕೊಡಿ.

4. ##### ಬಂದರೆ ಸಾಮಾನ್ಯವಾಗಿ ಕಾಲಂ ಅಗಲ ಸಾಲದೆಂದರ್ಥ.

5. ಮರ್ಜ್ ಅಂಡ್ ಸೆಂಟರ್: ಎಡ ಮೇಲ್ತುದಿಯ ಸೆಲ್‌ನ ಮಾಹಿತಿ ಮಾತ್ರ ಉಳಿಯುತ್ತದೆ.

6. ಡಿಲೀಟ್ ಕೀ: ಮಾಹಿತಿ ಅಳಿಯುತ್ತದೆ, ಫಾರ್ಮ್ಯಾಟ್ ಉಳಿಯುತ್ತದೆ.

7. ವರ್ಡ್‌ನಲ್ಲಿ ಕಂಟ್ರೋಲ್ ಜೊತೆ ಎಲ್ ಎಡಕ್ಕೆ, ಆರ್ ಬಲಕ್ಕೆ, ಇ ಮಧ್ಯಕ್ಕೆ, ಜೆ ಎರಡೂ ಅಂಚಿಗೆ. ಸಿ ಒತ್ತಿದರೆ ಸೆಂಟರ್ ಅಲ್ಲ, ಕಾಪಿ.

8. ಫಾರ್ಮ್ಯಾಟ್ ಪೇಂಟರ್: ಒಂದು ಕ್ಲಿಕ್ ಒಂದೇ ಸಲಕ್ಕೆ, ಡಬಲ್ ಕ್ಲಿಕ್ ಎಸ್ಕೇಪ್ ಒತ್ತುವವರೆಗೆ.