ಒಂದು ಮೆಗಾವ್ಯಾಟ್ ಎಂದು ಬರೆಯುವ ಮುನ್ನ

ಕ್ಯಾಂಪಸ್ಸಿಗೆ ಸೌರ ವಿದ್ಯುತ್ ಸ್ಥಾವರ ಬೇಕೆಂದು ಹೊರಟಿದ್ದೀರಿ, ಸಂತೋಷ. ಆದರೆ ವರದಿಯ ಮೊದಲ ಪುಟದಲ್ಲೇ ‘ಒಂದು ಮೆಗಾವ್ಯಾಟ್’ ಎಂದಿದೆಯಲ್ಲ, ಅದು ಎಲ್ಲಿಂದ ಬಂತು ಮಕ್ಕಳೇ? ದುಂಡು ಸಂಖ್ಯೆ ಉದ್ಘಾಟನೆಯ ಕಲ್ಲಿನ ಮೇಲೆ ಚೆನ್ನಾಗಿ ಕಾಣುತ್ತದೆ, ಅಷ್ಟೆ.

ಮೊದಲು ಲೆಕ್ಕಪತ್ರ ವಿಭಾಗದಿಂದ ಒಂದು ವರ್ಷದ ಕರೆಂಟ್ ಬಿಲ್ಲು ತರಿಸಿ ಕೂತು ಓದಿ. ಅದರಲ್ಲಿ ಬಳಸಿದ ಯೂನಿಟ್ಟಿನ ಹಣ ಬೇರೆ, ಕಾಂಟ್ರ್ಯಾಕ್ಟ್ ಡಿಮ್ಯಾಂಡ್ (ಒಮ್ಮೆಲೇ ಗರಿಷ್ಠ ಎಷ್ಟು ಎಳೆಯಬಹುದೆಂಬ ಒಪ್ಪಂದ) ಮೇಲಿನ ನಿಗದಿತ ಶುಲ್ಕ ಬೇರೆ. ಸೌರ ವಿದ್ಯುತ್ತು ಮೊದಲನೆಯದನ್ನು ಇಳಿಸುತ್ತದೆ. ಎರಡನೆಯದು ಸುಲಭಕ್ಕೆ ಜಗ್ಗದು. ಏಕೆಂದರೆ ಹಾಸ್ಟೆಲ್ಲಿನ ಫ್ಯಾನು, ದೀಪ, ಪಂಪುಗಳೆಲ್ಲ ಒಟ್ಟಿಗೆ ಓಡುವುದು ಸೂರ್ಯ ಮುಳುಗಿದ ಮೇಲೆ. ಹಾಗಾಗಿ ‘ಬಿಲ್ಲು ಸೊನ್ನೆಯಾಗುತ್ತದೆ’ ಎಂದು ಕುಲಪತಿಗಳಿಗೆ ಮಾತು ಕೊಡಬೇಡಿ.

ನಮ್ಮ ಬಯಲುಸೀಮೆಯಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ನೆರಳು ಬೀಳದ ಸುಮಾರು 100 ಚದರ ಅಡಿ ತಾರಸಿ ಕೇಳುತ್ತದೆ. ಒಂದು ಮೆಗಾವ್ಯಾಟಿಗೆ ಲಕ್ಷ ಚದರ ಅಡಿಯಾಯಿತು. ನೀರಿನ ಟ್ಯಾಂಕು, ಲಿಫ್ಟ್ ಕೋಣೆ, ಪಕ್ಕದ ಮರ ಕಳೆದು ಎಷ್ಟು ಉಳಿಯುತ್ತದೆ ನೋಡಿ. ನೆರಳನ್ನು ಡಿಸೆಂಬರಿನ ಲೆಕ್ಕದಲ್ಲೇ ಅಳೆಯಿರಿ. ಸೂರ್ಯ ದಕ್ಷಿಣಕ್ಕೆ ವಾಲಿದಾಗ ಅದು ಉದ್ದವಾಗುತ್ತದೆ. ಮರ ಮಾತ್ರ ಕಡಿಸಬೇಡಿ, ಪ್ಯಾನೆಲ್ಲನ್ನೇ ಸರಿಸಿ.

ಇನ್ನೊಂದು ಪೇಚು ವಿಶ್ವವಿದ್ಯಾಲಯಗಳದ್ದೇ. ಬಿಸಿಲು ಜೋರಾಗಿರುವಾಗಲೇ ಬೇಸಿಗೆ ರಜೆ ಬರುತ್ತದೆ, ಕ್ಯಾಂಪಸ್ ಖಾಲಿ. ತರಗತಿ ತುಂಬುವ ಹೊತ್ತಿಗೆ ಮುಂಗಾರಿನ ಮೋಡ. ಗ್ರಿಡ್ಡಿಗೆ ಬಿಟ್ಟ ಹೆಚ್ಚುವರಿ ಯೂನಿಟ್ಟಿಗೆ ಸಿಗುವ ದರ ನೀವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಆದ್ದರಿಂದ ಹಗಲು ನಿಮಗೇ ಎಷ್ಟು ಬೇಕೋ ಅದರ ಸುತ್ತಲೇ ಸ್ಥಾವರದ ಗಾತ್ರ ಗೊತ್ತುಮಾಡಿ.

ಹೀಗೆ ಅಗತ್ಯ ನೋಡಿ ಯೋಜನೆ ತಿದ್ದಿಕೊಂಡ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ ಕಥೆ ನಿಮ್ಮ ಪಠ್ಯದಲ್ಲಿ ಇರಲಾರದು, ಇರಬೇಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ಒದಗಿಸುವ ‘ಅಸ್ತ್ರ’ ಕೇಂದ್ರ ಕಟ್ಟಿದ ಎ.ಕೆ.ಎನ್. ರೆಡ್ಡಿ ಮತ್ತು ಸಂಗಡಿಗರು ಅಲ್ಲಿ ಊರಿಗೆಲ್ಲ ಅಡುಗೆ ಅನಿಲ ಕೊಡಲೆಂದು ಸಾಮೂಹಿಕ ಗೋಬರ್ ಗ್ಯಾಸ್ ಸ್ಥಾವರ ಹಾಕಿದರು. ಅಡುಗೆಗೆ ಸಾಲುವಷ್ಟು ಸಗಣಿ ಇರಲಿಲ್ಲ. ಯೋಜನೆಗೆ ಜೋತುಬೀಳದೆ, ಜನರಿಗೆ ಏನು ಬೇಕೆಂದು ಮತ್ತೆ ನೋಡಿದರು. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಕೊಳಾಯಿಗೆ ನೀರು ಕೊಟ್ಟರು. ಸ್ಥಾವರ ನೋಡಿಕೊಂಡವರು ಊರಿನವರೇ. ಅಷ್ಟು ದೊಡ್ಡ ವಿಜ್ಞಾನಿಗಳು ಸಗಣಿ ತೂಗಿ ಲೆಕ್ಕ ಹಾಕಿದ್ದಾರೆ, ಎಷ್ಟು ಬಯೋಗ್ಯಾಸ್ ಬಂದೀತೆಂದು ತಿಳಿಯಲು ನೀವು ಮೆಸ್ಸಿನ ಎಂಜಲು ತೂಗಲು ನಾಚಬೇಡಿ. ಒಂದು ಘನ ಮೀಟರ್ ಬಯೋಗ್ಯಾಸ್ ಸುಮಾರು 450 ಗ್ರಾಂ ಎಲ್‌ಪಿಜಿಗೆ ಸಮ. ಹಾಗೆಯೇ ಹಾಸ್ಟೆಲ್ ಸ್ನಾನದ ನೀರಿಗೆ ಸೋಲಾರ್ ವಾಟರ್ ಹೀಟರ್ ಹಾಕಿ. ಬಿಸಿಲಿನಿಂದ ಕರೆಂಟ್ ಮಾಡಿ, ಆ ಕರೆಂಟಿನಿಂದ ಗೀಸರ್ ಕಾಯಿಸುವುದು ಬುದ್ಧಿವಂತಿಕೆಯಲ್ಲ.

ಸಾಮಾನ್ಯ ಗ್ರಿಡ್ ಜೋಡಿತ ಸ್ಥಾವರ ಕರೆಂಟ್ ಹೋದರೆ ತಾನೂ ನಿಲ್ಲುತ್ತದೆ, ಇದನ್ನು ಎಲ್ಲರಿಗೂ ಮೊದಲೇ ಹೇಳಿಬಿಡಿ. ಕಂಬದ ಮೇಲಿರುವ ಲೈನ್‌ಮನ್ ಜೀವ ಉಳಿಯಲೆಂದೇ ಹಾಗೆ ಮಾಡಿರುತ್ತಾರೆ. ಪ್ರಯೋಗಾಲಯ ನಿಲ್ಲಬಾರದೆಂದರೆ ಬ್ಯಾಟರಿಯದೋ ಜನರೇಟರ್ ಜೋಡಣೆಯದೋ ಖರ್ಚು ಬೇರೆ.

ಕೊನೆಯದಾಗಿ, ಪ್ಯಾನೆಲ್ 25 ವರ್ಷ ಬಾಳುತ್ತದೆ, ಇನ್ವರ್ಟರ್ ಅದರ ಅರ್ಧದಷ್ಟೂ ಬಾಳದಿರಬಹುದು. ಧೂಳು ಒರೆಸುವವರು ಯಾರು, ತಾರಸಿಯಲ್ಲಿ ನಲ್ಲಿ ಎಲ್ಲಿ, ಇನ್ವರ್ಟರ್ ಬದಲಿಸುವ ಹಣ ಯಾವ ಖಾತೆಯಿಂದ ಎಂಬುದು ವರದಿಯಲ್ಲಿ ಎಲ್ಲೂ ಕಾಣಲಿಲ್ಲ. ಗುತ್ತಿಗೆದಾರರ ಹಣದ ಒಂದು ಪಾಲನ್ನು ತಡೆಹಿಡಿದು, ಮೀಟರ್ ತೋರಿಸಿದ ಯೂನಿಟ್ ನೋಡಿ ವರ್ಷವರ್ಷ ಕೊಡುವಂತೆ ಕರಾರು ಮಾಡಿಕೊಳ್ಳಿ. ಇವೆಲ್ಲ ಬರೆದ ಪುಟ ವರದಿಗೆ ಸೇರುವವರೆಗೆ ಟೆಂಡರ್ ಕರೆಯಬೇಡಿ.