ಸಂಘದ ಚಾಪೆ ಎಲ್ಲಿ ಹಾಸಬೇಕು?

ಕೊಪ್ಪಳ, ರಾಯಚೂರು ಕಡೆಯ ಹಳ್ಳಿಗಳಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಜೊತೆ ದುಡಿಯುತ್ತಾ ಬಂದವಳು ನಾನು. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರಿಗೆ ಹೇಳುವ ಮಾತುಗಳಿವು.

1. ಸಭೆ ಎಲ್ಲಿ ಎಂಬುದನ್ನು ಮೊದಲು ನೋಡಿ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಸಂಘಗಳಿಗೇನೂ ಕೊರತೆಯಿಲ್ಲ. ಆದರೆ ಗುಡಿಕಟ್ಟೆಯಲ್ಲಿ ಸಭೆ ಕರೆದರೆ ಕೇರಿಯ ಹೆಂಗಸರು ಕಟ್ಟೆಯ ಕೆಳಗೇ ನಿಲ್ಲುತ್ತಾರೆ. ಉಳಿತಾಯದ ದುಡ್ಡು ಕೊಡುತ್ತಾರೆ, ಹೆಬ್ಬೆಟ್ಟು ಒತ್ತುತ್ತಾರೆ, ಬಾಯಿ ಮಾತ್ರ ಬಿಡುವುದಿಲ್ಲ. ಅಂಗನವಾಡಿಯಲ್ಲೋ ಶಾಲೆಯಲ್ಲೋ ಚಾಪೆ ಹಾಸಿ. ಒಮ್ಮೊಮ್ಮೆ ಕೇರಿಯಲ್ಲೇ ಹಾಸಿ, ಊರೊಳಗಿನವರು ಅಲ್ಲಿಗೆ ಬರಲಿ.

2. ಕಸುಬು ಆರಿಸುವಾಗ ಜಾತಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ತರಬೇತಿಗೆ ಬಂದವರು ಖಾನಾವಳಿ ಇಡಿ, ರೊಟ್ಟಿ ಮಾಡಿ ಮಾರಿ ಎಂದು ಹೇಳಿ ಹೋಗುತ್ತಾರೆ. ದಲಿತ ಹೆಣ್ಣುಮಗಳು ಬಡಿದ ರೊಟ್ಟಿಯನ್ನು ಅದೇ ಊರಲ್ಲಿ ಕೊಳ್ಳುವವರು ಯಾರು? ಬಿಸಿಯೂಟ ಬೇಯಿಸುವವಳ ಜಾತಿ ಕೇಳಿ ಮಕ್ಕಳನ್ನು ಊಟಕ್ಕೆ ಬಿಡದ ಊರುಗಳು ನಮ್ಮ ರಾಜ್ಯದಲ್ಲಿ ಇವೆ. ಹಾಲಿನ ಡೇರಿಯ ರೀತಿ ಬೇರೆ. ಕ್ಯಾನಿಗೆ ಸುರಿದ ಮೇಲೆ ಯಾರ ಮನೆಯ ಹಾಲೆಂದು ಬೇರ್ಪಡಿಸಲು ಬರುವುದಿಲ್ಲ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು ಎಂದು ಮಷಿನ್ ಹೇಳುತ್ತದೆ, ದರ ಅದರ ಮೇಲೆ. ಸೆರಗಿನ ತುದಿಗೆ ಗಂಟು ಹಾಕಿದ್ದ ಡೇರಿ ಚೀಟಿಯನ್ನು ಬಿಚ್ಚಿ ಒಬ್ಬ ಅಜ್ಜಿ ನನಗೆ ತೋರಿಸಿದ್ದರು: ‘ನೋಡವ್ವಾ, ಗೌಡ್ರ ಎಮ್ಮಿಗಿಂತ ನಮ್ಮದಕ್ಕ ಫ್ಯಾಟ್ ಜಾಸ್ತಿ ಬಂದೈತಿ.’ ಆ ಮುಖ ನೋಡಿದ ಮೇಲೆ ಹೈನುಗಾರಿಕೆಯನ್ನು ಬರೀ ಆದಾಯದ ಬಾಬತ್ತು ಎಂದು ನಾನು ಎಣಿಸಿಲ್ಲ. ಒಂದು ಎಚ್ಚರಿಕೆ: ತುಂಡು ಹೊಲವೂ ಇಲ್ಲದ ಮನೆಗೆ ಎಮ್ಮೆ ಕೊಡಿಸುವ ಮುಂಚೆ ಬೇಸಿಗೆಯ ಮೇವು ಎಲ್ಲಿಂದ ಎಂದು ಕೂತು ಮಾತಾಡಿ. ಸಾಲದ ಎಮ್ಮೆ ಸಂತೆಗೆ ಮರಳುವುದು ಮೇವಿಲ್ಲದ ತಿಂಗಳಲ್ಲೇ.

3. ಪುಸ್ತಕ ಬರೆಯುವವಳೇ ಸಂಘದ ಯಜಮಾನಿ. ಓದು ಬಂದವಳು ಒಬ್ಬಳೇ ಇದ್ದರೆ ಉಳಿದವರಿಗೆ ತಮ್ಮ ದುಡ್ಡು ಎಷ್ಟೆಂದೇ ತಿಳಿಯದು. ಪ್ರತಿ ಸಭೆಯ ಕೊನೆಗೆ ಲೆಕ್ಕವನ್ನು ಜೋರಾಗಿ ಓದಿಸಿ.

4. ಯೋಜನೆಗಿಂತ ಮೊದಲು ಕಾಗದ. ಆಧಾರ್‌ನಲ್ಲಿ ಹುಲಿಗೆವ್ವ, ಪಾಸ್‌ಬುಕ್ಕಿನಲ್ಲಿ ಹುಲಿಗೆಮ್ಮ: ಇಷ್ಟಕ್ಕೇ ಹಣ ನಿಂತುಬಿಡುತ್ತದೆ. ದೇವದಾಸಿ ಪದ್ಧತಿಯನ್ನು ರಾಜ್ಯ 1982ರಲ್ಲೇ ನಿಷೇಧಿಸಿದ್ದರೂ ಆ ತಾಯಂದಿರ ಮಕ್ಕಳು ಅರ್ಜಿ ಹಿಡಿದು ಹೋದಲ್ಲೆಲ್ಲ ಅಪ್ಪನ ಹೆಸರು ಕೇಳಿಸಿಕೊಂಡಿದ್ದಾರೆ. ಹತ್ತು ಜನರ ಮುಂದೆ ಆ ಪ್ರಶ್ನೆ ಎದುರಿಸಿ, ಅರ್ಜಿಯನ್ನೇ ಹರಿದು ಹೊರಟ ಹುಡುಗಿಯನ್ನು ಕಂಡಿದ್ದೇನೆ. ಒಂಟಿ ತಾಯಿ ಜನನ ಪ್ರಮಾಣಪತ್ರ ಕೇಳಿದರೆ ಅವಳ ಅಫಿಡವಿಟ್ ಸಾಕೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಆ ತೀರ್ಪಿನ ಪ್ರತಿ ನಿಮ್ಮ ಚೀಲದಲ್ಲಿರಲಿ.

5. ಒಳಸಾಲ ಮೊದಲು, ಬ್ಯಾಂಕ್ ಸಾಲ ಆಮೇಲೆ. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಇಳಿದಾಗ ನಂಬಿದ್ದೇ ಇದನ್ನು: ತಮ್ಮತಮ್ಮಲ್ಲೇ ಕೊಟ್ಟು ತೀರಿಸಿದವರು ಬ್ಯಾಂಕಿಗೂ ತೀರಿಸುತ್ತಾರೆ. ಆಸ್ಪತ್ರೆ, ಬಾಣಂತನಕ್ಕೆ ಸಂಘದ ದುಡ್ಡು ಅದೇ ದಿನ ಸಿಗದಿದ್ದರೆ ಅವರು ವಾರದ ಕಂತಿನ ಮೈಕ್ರೋಫೈನಾನ್ಸ್‌ಗೇ ಹೋಗುತ್ತಾರೆ. ಬಾಗಿಲಿಗೆ ಬಂದು ಕೂತು ಬೈಯುವ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಇಂಥ ವಸೂಲಿಯ ಬಗ್ಗೆ ಕಾನೂನು ಏನು ಹೇಳುತ್ತದೆ ಎಂದು ಸಭೆಯಲ್ಲಿ ಬಿಡಿಸಿ ಹೇಳಿ. ಠಾಣೆಗೆ ದೂರು ಕೊಡುವ ದಿನ ಬಂದರೆ ಒಬ್ಬಳನ್ನೇ ಕಳಿಸಬೇಡಿ, ಇಡೀ ಸಂಘ ಹೋಗಲಿ.