ಹೊರೆ ಸಾಗಿಸುವ ಸೈಕಲ್ಲಿಗೆ ಎಷ್ಟು ಹಲ್ಲು?



ಅಮೃತೂರಿನಿಂದ ಕುಣಿಗಲ್ ಕಡೆಗೆ ತೆಂಗಿನಕಾಯಿ ಚೀಲ, ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟವರು ಏರು ಬಂದೊಡನೆ ಪೆಡಲಿನ ಮೇಲೆ ಎದ್ದು ನಿಂತು ತುಳಿಯುತ್ತಾರೆ. ಸೈಕಲ್ಲು ಓಲಾಡುತ್ತದೆ, ಮಂಡಿ ನೋಯುತ್ತದೆ. ಹಿಂದಿನ ಫ್ರೀವೀಲನ್ನು ಬದಲಾಯಿಸಿದರೆ ಈ ಕಷ್ಟ ಬಹುಪಾಲು ತಪ್ಪುತ್ತದೆ.

28 ಅಂಗುಲದ ಗಾಲಿಯ ಸೈಕಲ್ಲನ್ನೇ ತೆಗೆದುಕೊಳ್ಳಿರಿ. ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಇದ್ದರೆ, ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 18 ಅಡಿ ಸಾಗುತ್ತದೆ. ಹೊರೆಯಿಲ್ಲದೆ ಸಂತೆಗೆ ಹೋಗಿಬರುವವರಿಗೆ ಇದು ಸರಿ. 22 ಹಲ್ಲಿನ ಫ್ರೀವೀಲು ಹಾಕಿಸಿದರೆ ಸುತ್ತಿಗೆ ಹದಿನಾಲ್ಕೂವರೆ ಅಡಿ ಮಾತ್ರ. ಆದರೆ ತುಳಿಯುವ ಬಲದಲ್ಲಿ ಐದರಲ್ಲೊಂದು ಪಾಲು ಹೆಚ್ಚುಕಡಿಮೆ ಉಳಿಯುತ್ತದೆ. ಸಮನೆಲದಲ್ಲಿ ಕಾಲು ಚುರುಕಾಗಿ ಆಡಿಸಬೇಕಾದೀತು. ದಿನವೂ ಹೊರೆ ಒಯ್ಯುವವರು ಅಷ್ಟನ್ನು ಸಹಿಸುವುದೇ ಮೇಲೆಂದು ನನ್ನ ಅಭಿಪ್ರಾಯ.

ಹಲ್ಲು ಹೆಚ್ಚಿದರೆ ಚೈನು ಸಾಲದೆ ಬರಬಹುದು. ಹಿಂದಿನ ಗಾಲಿಯನ್ನು ಮುಂದಕ್ಕೆ ಸರಿಸಿರಿ. ಆಗದಿದ್ದರೆ ಎರಡು ಕೊಂಡಿ, ಅಂದರೆ ಒಂದು ಅಂಗುಲ, ಸೇರಿಸಬೇಕು.

ಇಲ್ಲಿ ನಾನೇ ಜಿಪುಣತನ ಮಾಡಿ ಕೆಟ್ಟೆ. ಹೊಸ ಫ್ರೀವೀಲಿಗೆ ಸವೆದ ಚೈನನ್ನೇ ಹಾಕಿಸಿದ್ದೆ. ಏರಿನಲ್ಲಿ ಅದು ಹಲ್ಲು ಹಾರಿ, ಗೊಬ್ಬರದ ಮೂಟೆ ಸಮೇತ ಬಿದ್ದೆ. ಮೊದಲು ಚೈನನ್ನು ಬಿಗಿಯಾಗಿ ಎಳೆದು 24 ಕೊಂಡಿ ಅಳೆಯಿರಿ. ಹೊಸದು 12 ಅಂಗುಲವಿರುತ್ತದೆ. ಅರೆಪಾವು ಅಂಗುಲ ಹೆಚ್ಚು ಬಂದರೆ ಚೈನನ್ನೂ ಬದಲಾಯಿಸಿರಿ.